ಹಸುವಿನ ಗರ್ಭಕೋಶ: ನಾವು ಬರೆಸುವ ಚಿತ್ರ ಸರಿಯೇ?

ಸ್ತನಿಗಳ ಹೆಣ್ಣು ಜನನಾಂಗಗಳ ಪಾಠಕ್ಕೆ ತರಗತಿಯಲ್ಲಿ ಸಾಮಾನ್ಯವಾಗಿ ಬರೆಸುವುದು ಒಂದೇ ಚಿತ್ರ. ನಡುವೆ ಪೇರು ಹಣ್ಣಿನಾಕಾರದ ಗರ್ಭಕೋಶ, ಅದರ ಎರಡೂ ಪಕ್ಕಗಳಿಂದ ಹೊರಟ ಅಂಡನಾಳಗಳು, ತುದಿಗಳಲ್ಲಿ ಅಂಡಾಶಯಗಳು. ಚಿತ್ರದಲ್ಲಿ ತಪ್ಪಿಲ್ಲ; ಅದು ಮಾನವ ಸ್ತ್ರೀಯದು. ತಪ್ಪಿರುವುದು ಶೀರ್ಷಿಕೆಯಲ್ಲಿ. 'ಸ್ತನಿಗಳ' ಎಂದು ಬರೆದ ಕೂಡಲೇ ಹಸು, ಹಂದಿ, ಮೊಲಗಳೆಲ್ಲ ಆ ಒಂದೇ ಆಕಾರಕ್ಕೆ ಒಳಪಡುತ್ತವೆ.

ಇದೇ ಬಗೆಯ ತಪ್ಪು ಹಿಂದೆ ತಿರುಗುಮುರುಗಾಗಿ ನಡೆದಿತ್ತು. ರೋಮನ್ ಕಾಲದ ವೈದ್ಯ ಗ್ಯಾಲೆನ್ ಪ್ರಾಣಿಗಳನ್ನು ಕೊಯ್ದು ನೋಡಿ, ಅಲ್ಲಿ ಕಂಡ ಕೊಂಬುಗಳನ್ನು ಮಾನವ ಗರ್ಭಕೋಶಕ್ಕೂ ಆರೋಪಿಸಿದ. ಶತಮಾನಗಳ ನಂತರ, 1543ರಲ್ಲಿ ವೆಸಾಲಿಯಸ್ ತನ್ನ ಗ್ರಂಥದಲ್ಲಿ ಅದನ್ನು ತಿದ್ದಿದ. ನಾವು ಈಗ ಮಾನವನದನ್ನು ಪ್ರಾಣಿಗಳಿಗೆ ಅಂಟಿಸುತ್ತಿದ್ದೇವೆ.

ಹಸುವಿನಲ್ಲಿ ಗರ್ಭಕೋಶದ ಕಾಯಭಾಗ ಕೆಲವೇ ಸೆಂಟಿಮೀಟರ್ ಉದ್ದ. ಅದರಿಂದ ಟಗರಿನ ಕೊಂಬುಗಳಂತೆ ಸುರುಳಿಯಾಗಿ ಬಾಗಿದ, ಸುಮಾರು 35-40 ಸೆಂಟಿಮೀಟರ್ ಉದ್ದದ ಎರಡು ಕೊಂಬುಗಳು ಹೊರಡುತ್ತವೆ. ಕರು ಬೆಳೆಯುವುದು ಮುಖ್ಯವಾಗಿ ಇವುಗಳಲ್ಲೊಂದರಲ್ಲಿ. ಹಲವು ಮರಿ ಹಾಕುವ ಹಂದಿಯಲ್ಲಿ ಒಂದೊಂದು ಕೊಂಬೂ ಮೀಟರು ದಾಟಬಹುದು. ಮೊಲಕ್ಕಂತೂ ಎರಡು ಪ್ರತ್ಯೇಕ ಗರ್ಭಕೋಶಗಳು, ಎರಡು ಕಂಠಗಳು. ಕುದುರೆಯಲ್ಲಿ ಕಾಯಭಾಗವೇ ದೊಡ್ಡದು; ಅದರ ಅಂಡಾಶಯದಿಂದ ಅಂಡ ಹೊರಬರುವುದು ಒಂದು ನಿರ್ದಿಷ್ಟ ತಗ್ಗಿನಲ್ಲಿ ಮಾತ್ರ.

ಇದು ಬರಿಯ ವಿವರದ ವಿಷಯವೇ? ಅಲ್ಲ. ಕೃತಕ ಗರ್ಭಧಾರಣೆ ಮಾಡುವವರು ಹಸುವಿನ ಗುದನಾಳದಲ್ಲಿ ಕೈಯಿಟ್ಟು ಗರ್ಭಕಂಠವನ್ನು ಹಿಡಿಯುತ್ತಾರೆ. ಯೋನಿಯ ಮೂಲಕ ತೂರಿಸಿದ ನಳಿಗೆಯನ್ನು ಕಂಠದೊಳಗಿನ ಮೂರು-ನಾಲ್ಕು ಗಡುಸಾದ ಉಂಗುರಗಳನ್ನು ದಾಟಿಸಿ, ಚಿಕ್ಕ ಕಾಯಭಾಗದ ಬಾಯಲ್ಲೇ ವೀರ್ಯವನ್ನು ಬಿಡಬೇಕು. ಮುಂದೆ ಹೋದರೆ ನಳಿಗೆ ಒಂದೇ ಕೊಂಬಿಗೆ ಹೊಕ್ಕು, ಒಳಪೊರೆಗೆ ಗಾಯವೂ ಆಗಬಹುದು. ಹಿಂದೆಯೇ ನಿಂತರೆ ಗರ್ಭ ಕಟ್ಟುವ ಸಾಧ್ಯತೆ ಕುಗ್ಗುತ್ತದೆ. ಪೇರು ಹಣ್ಣಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಈ ಎಚ್ಚರಿಕೆ ಅರ್ಥವೇ ಆಗುವುದಿಲ್ಲ.

ಮಾಸಿನ ವಿಷಯವೂ ಹಾಗೆಯೇ. ಹಸುವಿನ ಗರ್ಭಕೋಶದ ಒಳಗೋಡೆಯಲ್ಲಿ ಸುಮಾರು 70ರಿಂದ 120 ಗುಂಡಿಯಂಥ ಉಬ್ಬುಗಳಿವೆ. ಮಾಸು ಅಂಟಿಕೊಳ್ಳುವುದು ಇವುಗಳಲ್ಲಿ ಮಾತ್ರ. ಬೀಳದ ಮಾಸನ್ನು ಬಲವಂತವಾಗಿ ಎಳೆದರೆ ಈ ಉಬ್ಬುಗಳು ಹರಿದು ರಕ್ತಸ್ರಾವ, ಸೋಂಕು ಉಂಟಾಗಬಹುದು. ಮುಂದೆ ಹಸು ಗಬ್ಬ ನಿಲ್ಲುವುದೂ ಕಷ್ಟವಾಗಬಹುದು. ಮಾನವ ಚಿತ್ರದಲ್ಲಿ ಈ ಉಬ್ಬುಗಳಿಗೆ ಜಾಗವೇ ಇಲ್ಲ. ಹಾಲು ಮಾರಿ ಬದುಕುವ ಮನೆಗಳ ಮಕ್ಕಳೇ ತುಂಬಿರುವ ತರಗತಿಯಲ್ಲಿ ಇದೊಂದು ಸಣ್ಣ ಕೊರತೆಯಲ್ಲ.

'ಮಕ್ಕಳಿಗೆ ಸರಳವಾಗಿರಲಿ' ಎಂಬ ಸಮರ್ಥನೆ ಇದೆ. ಸರಳಗೊಳಿಸುವುದು ಬೇರೆ, ಒಂದರ ಹೆಸರಿನಲ್ಲಿ ಇನ್ನೊಂದನ್ನು ತೋರಿಸುವುದು ಬೇರೆ. ಅಷ್ಟೇನೂ ಕಷ್ಟವಿಲ್ಲದ ಪರಿಹಾರವಿದೆ. ಈಗಿನ ಚಿತ್ರದ ಕೆಳಗೆ 'ಮಾನವ ಸ್ತ್ರೀ' ಎಂದು ಬರೆಯೋಣ. ಅದರ ಪಕ್ಕದಲ್ಲಿ ಹಸುವಿನದನ್ನು, ಅಳತೆಪಟ್ಟಿ ಸಹಿತ, ಬರೆಸೋಣ. 'ಎರಡರಲ್ಲೂ ಭ್ರೂಣ ಎಲ್ಲಿ ಬೆಳೆಯುತ್ತದೆ?' ಎಂಬ ಒಂದು ಪ್ರಶ್ನೆ ಕೇಳೋಣ. ರಚನೆಗೂ ಕಾರ್ಯಕ್ಕೂ ಇರುವ ನಂಟನ್ನು ವಿದ್ಯಾರ್ಥಿ ಅಲ್ಲಿಂದ ತಾನೇ ಕಂಡುಕೊಳ್ಳುತ್ತಾನೆ; ಸಂಜೆ ಮನೆಗೆ ಹೋಗಿ ಕೊಟ್ಟಿಗೆಯಲ್ಲಿರುವ ಹಸುವನ್ನು ಹೊಸ ಕಣ್ಣಿನಿಂದ ನೋಡುತ್ತಾನೆ.