ಬಾಗಿದ ಮರ, ಉಳಿದ ಲೆಕ್ಕ

ಬಾಗಿದ ಮರದ ಪೀಠೋಪಕರಣಗಳ ಬಗ್ಗೆ ಬರೆಯುವವರು ಒಂದಲ್ಲ ಒಂದು ಹಂತದಲ್ಲಿ ಕಾವ್ಯಕ್ಕೆ ಜಾರುತ್ತಾರೆ. ಅಲೆ, ಬಳ್ಳಿ, ನಾಟ್ಯ ಎಂದು ಪದಗಳಿಗೆ ಬರವಿಲ್ಲ. ಪ್ರದರ್ಶನಗಳ ಕೈಪಿಡಿಗಳನ್ನು ಓದಿದರಂತೂ ಮರ ತಾನೇ ಮನಸ್ಸು ಮಾಡಿ ಬಾಗಿತೇನೋ ಅನ್ನಿಸುತ್ತದೆ. ಈ ಪರಂಪರೆಯನ್ನು ಇನ್ನೂರು ವರ್ಷಗಳಿಂದ ಮುಂದೆ ನಡೆಸಿಕೊಂಡು ಬಂದದ್ದು ಮಾತ್ರ ತೀರಾ ವ್ಯಾವಹಾರಿಕ ಲೆಕ್ಕ: ಎಷ್ಟು ಮರ ಉಳಿಯಿತು, ಎಷ್ಟು ಸಂದು ತಪ್ಪಿತು, ಸಾಗಣೆಯಲ್ಲಿ ಎಷ್ಟು ಜಾಗ ಮಿಕ್ಕಿತು. ಬಾಗು ಏನನ್ನಾದರೂ ಕಳೆದುಹಾಕಿದಾಗಲೆಲ್ಲ ಈ ಪರಂಪರೆ ಬೆಳೆದಿದೆ. ಬಾಗು ಬರೀ ಅಲಂಕಾರವಾಗಿ ಬಂದು ಕೂತಾಗ ಸೊರಗಿದೆ. ಈ ಒಂದೇ ಅಳತೆಗೋಲು ಹಿಡಿದು ಅದರ ಮುಖ್ಯ ಘಟ್ಟಗಳನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ, ಮರವನ್ನು ಬಗ್ಗಿಸುವ ಉಸಾಬರಿ ಏಕೆ? ಕುರ್ಚಿಯ ಒರಗಿಗೆ ಒಂದು ಕಮಾನು ಬೇಕು ಎಂದುಕೊಳ್ಳೋಣ. ಅಗಲವಾದ ಹಲಗೆಯ ಮೇಲೆ ಕಮಾನು ಗುರುತು ಹಾಕಿ ಗರಗಸದಲ್ಲಿ ಕೊಯ್ಯಬಹುದು. ಆದರೆ ಹಲಗೆಯ ಬಹುಪಾಲು ಸೌದೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಕೇಡೆಂದರೆ, ಕಮಾನು ತಿರುಗುವ ಕಡೆ ಮರದ ಎಳೆ ಅಡ್ಡಕ್ಕೆ ತುಂಡಾಗಿರುತ್ತದೆ. ಭಾರ ಬಿದ್ದ ದಿನ ಕುರ್ಚಿ ಮುರಿಯುವುದು ಅಲ್ಲೇ. ಅದನ್ನು ತಪ್ಪಿಸಲು ಬಡಗಿ ಅಲ್ಲಿ ದಪ್ಪ ಬಿಡುತ್ತಾನೆ, ಇಲ್ಲವೇ ಎರಡು ಮೂರು ತುಂಡು ಜೋಡಿಸುತ್ತಾನೆ. ದಪ್ಪ ಬಿಟ್ಟರೆ ತೂಕ, ಜೋಡಿಸಿದರೆ ಸಡಿಲವಾಗಬಲ್ಲ ಸಂದು. ಬಗ್ಗಿಸಿದ ಮರದಲ್ಲಿ ಎಳೆ ಕಮಾನಿನ ಉದ್ದಕ್ಕೂ ಹರಿಯುತ್ತದೆ. ಹಾಗಾಗಿ ಹೆಬ್ಬೆರಳ ಗಾತ್ರದ ಕೋಲೂ ಮನುಷ್ಯನ ಬೆನ್ನನ್ನು ತಾಳಿಕೊಳ್ಳುತ್ತದೆ.

ಇದನ್ನು ಕಂಡುಹಿಡಿದವರು ಒಬ್ಬರಲ್ಲ. ಇಂಗ್ಲೆಂಡಿನ ವಿಂಡ್ಸರ್ ಕುರ್ಚಿಯ ಒರಗಿನ ಬಿಲ್ಲನ್ನು 18ನೇ ಶತಮಾನದಲ್ಲೇ ಹಬೆಯಲ್ಲಿ ಮೆದುಗೊಳಿಸಿ ಬಗ್ಗಿಸುತ್ತಿದ್ದರು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಗ್ರ್ಯಾಗ್ 1808ರಲ್ಲಿ ಪೇಟೆಂಟ್ ಪಡೆದ ಕುರ್ಚಿಯಲ್ಲಿ ಒಂದೇ ಪಟ್ಟಿ ಒರಗಿನಿಂದ ಇಳಿದು, ಆಸನದ ಅಂಚಾಗಿ, ಮುಂದೆ ಬಂದು ಕಾಲಾಗಿ ನಿಲ್ಲುತ್ತದೆ. ಆದರೂ ಇವೆಲ್ಲ ಕೈಕಸುಬಿನ ಚೌಕಟ್ಟಿನಲ್ಲೇ ಉಳಿದವು. ಬಾಗಿಸುವ ವಿದ್ಯೆಯನ್ನು ಉದ್ಯಮವಾಗಿ ಮಾಡಿದವನು ರೈನ್ ನದಿ ದಡದ ಬೊಪ್ಪಾರ್ಡ್ ಊರಿನ ಬಡಗಿ ಮಿಖಾಯೆಲ್ ಥೋನೆಟ್ (1796–1871).

ಥೋನೆಟ್ ಶುರು ಮಾಡಿದ್ದು ಸೀಳುಗಳಿಂದ. 1830ರ ಸುಮಾರಿಗೆ ಅವನು ತೆಳು ವಿನೀರ್ ಪಟ್ಟಿಗಳ ಕಟ್ಟನ್ನು ಅಂಟಿನಲ್ಲಿ ಕುದಿಸಿ, ಅಚ್ಚಿಗೆ ಒತ್ತಿ ಒಣಗಿಸುತ್ತಿದ್ದ. ಈ ಉಪಾಯದ ಹಿಂದಿರುವ ಗಣಿತ ಸರಳ. ಹಲಗೆಯ ಬಿಗುಪು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ಕೋಲನ್ನು ಎಂಟು ಸಮ ಪದರಗಳಾಗಿ ಸೀಳಿದರೆ, ಅಂಟಿಲ್ಲದ ಆ ಕಟ್ಟನ್ನು ಬಗ್ಗಿಸಲು ಮೊದಲಿನ ಬಲದ 64ರಲ್ಲಿ ಒಂದು ಪಾಲು ಸಾಕು. ಅಂಟು ಬಿಗಿದ ಮೇಲೆ ಪದರಗಳು ಮತ್ತೆ ಒಂದೇ ಕೋಲಾಗಿ, ಬಾಗಿದ ಆಕಾರದಲ್ಲೇ ನಿಲ್ಲುತ್ತವೆ. ಬಿದಿರನ್ನು ತೆಳ್ಳಗೆ ಸೀಳಿ ಬೇಕಾದಂತೆ ಮಣಿಸುವ ನಮ್ಮ ಮೇದರಿಗೆ ಇದರ ಮೊದಲರ್ಧವನ್ನು ಯಾರೂ ಹೇಳಿಕೊಡಬೇಕಿಲ್ಲ.

ಈ ಕೆಲಸ ಆಸ್ಟ್ರಿಯದ ಪ್ರಭಾವಿ ಮಂತ್ರಿ ಮೆಟರ್ನಿಖ್‌ನ ಕಣ್ಣಿಗೆ ಬಿದ್ದು, 1842ರಲ್ಲಿ ಥೋನೆಟ್ ವಿಯೆನ್ನಾಕ್ಕೆ ಬಂದ. ಅರಮನೆಗಳಿಗೆ ಕುರ್ಚಿ ಮಾಡಿದ. ಆದರೆ ಸೀಳು ಮರಕ್ಕೆ ಎರಡು ದೌರ್ಬಲ್ಯಗಳಿದ್ದವು. ಸೀಳಿ, ಅಂಟಿಸಿ, ಒತ್ತಿ, ಮತ್ತೆ ತೀಡುವ ಕೆಲಸಕ್ಕೆ ಕೂಲಿ ವಿಪರೀತ. ಆ ಕಾಲದ ಅಂಟು ತೇವದ ಹವೆಯನ್ನು ತಡೆಯುತ್ತಿರಲಿಲ್ಲ. ಹಡಗು ಹತ್ತಿ ದೂರದ ದೇಶಗಳಿಗೆ ಹೋಗಬೇಕಾದ ಸರಕಿಗೆ ಅದು ಸಣ್ಣ ಕುಂದಲ್ಲ. ಇಡೀ ಕೋಲನ್ನೇ ಬಗ್ಗಿಸುವ ದಾರಿ ಹುಡುಕುವುದು ಅನಿವಾರ್ಯವಾಯಿತು.

ಥೋನೆಟ್ಟನ ನಿಜವಾದ ಕೊಡುಗೆ ಇರುವುದು ಇಲ್ಲಿ, ಒಂದು ಲೋಹದ ಪಟ್ಟಿಯಲ್ಲಿ. ಹಬೆಯಲ್ಲಿ ಬೆಂದ ಮರವನ್ನು ಅದರ ಉದ್ದದ ಕಾಲುಭಾಗದಷ್ಟು ಒತ್ತಿ ಕುಗ್ಗಿಸಬಹುದು. ಎಳೆದು ಹಿಗ್ಗಿಸಲು ಹೋದರೆ ಮಾತ್ರ ಒಂದೆರಡು ಶೇಕಡಕ್ಕೇ ಎಳೆ ಹರಿಯುತ್ತದೆ. ಕೋಲು ಬಾಗುವಾಗ ಒಳಮೈ ಕುಗ್ಗಬೇಕು, ಹೊರಮೈ ಹಿಗ್ಗಬೇಕು. ಹೊರಮೈ ಹಿಗ್ಗಲಾರದೆ ಸಿಡಿಯುತ್ತದೆ. ಅವನು ಹೊರಮೈಗೆ ತಗಡಿನ ಪಟ್ಟಿ ಇಟ್ಟು, ಕೋಲಿನ ಎರಡೂ ತುದಿಗಳಲ್ಲಿ ಬಿಗಿದ. ಪಟ್ಟಿ ಹಿಗ್ಗುವುದಿಲ್ಲ, ಆದ್ದರಿಂದ ಮರದ ಹೊರಮೈಯೂ ಹಿಗ್ಗುವಂತಿಲ್ಲ. ಬಾಗಿನ ಭಾರವೆಲ್ಲ ಒಳಮೈಯ ಕುಗ್ಗುವಿಕೆಯ ಮೇಲೆ ಬೀಳುತ್ತದೆ. ಹಬೆಪೆಟ್ಟಿಗೆಯಿಂದ ತೆಗೆದ ಬೀಚ್ ಮರದ ಕೋಲನ್ನು, ಅದು ಆರುವ ಮೊದಲೇ, ಪಟ್ಟಿಯ ಸಮೇತ ಕಬ್ಬಿಣದ ಅಚ್ಚಿನ ಸುತ್ತ ತಿರುಗಿಸಿ ಬಿಗಿಯಬೇಕು. ಆಮೇಲೆ ಅಚ್ಚಿನೊಂದಿಗೇ ಒಣಕೋಣೆಗೆ. ಮರವನ್ನು ಅದಕ್ಕೆ ಒಗ್ಗುವ ಕಡೆ ಮಾತ್ರ ದುಡಿಸಿ, ಒಗ್ಗದ ಕಡೆ ಬಿಡುವು ಕೊಟ್ಟ ಈ ಉಪಾಯವನ್ನು ನಾನು ಅವನ ಯಾವುದೇ ಕುರ್ಚಿಯ ಆಕಾರಕ್ಕಿಂತ ಮೇಲೆ ಇಡುತ್ತೇನೆ. 1856ರಲ್ಲಿ ಇಡೀ ಮರವನ್ನು ಬಗ್ಗಿಸುವ ಹಕ್ಕು ಅವನ ಸಂಸ್ಥೆಗೆ ಸಿಕ್ಕಿತು. ಮೊರಾವಿಯಾದ ಬೀಚ್ ಕಾಡಿನ ಮಗ್ಗುಲಲ್ಲಿ, ಕೊರಿಚಾನಿಯಲ್ಲಿ, ಕಾರ್ಖಾನೆ ಎದ್ದಿತು.

1859ರ 14ನೇ ನಂಬರಿನ ಕುರ್ಚಿ ಈ ಲೆಕ್ಕದ ಪೂರ್ಣ ಮೊತ್ತ. ಮೊದಲ ವರ್ಷಗಳಲ್ಲಿ ಅದರಲ್ಲೂ ಅಂಟಿನ ಕೆಲಸ ಇತ್ತು. ಅದು ಕ್ರಮೇಣ ಕಳಚಿ, 1860ರ ದಶಕ ಮುಗಿಯುವ ಹೊತ್ತಿಗೆ ಕುರ್ಚಿ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್‌ಗೆ ಇಳಿಯಿತು. ಹಿಂಗಾಲು ಮತ್ತು ಒರಗು ಸೇರಿ ಒಂದೇ ಕೋಲು. ಅದರೊಳಗೆ ಇನ್ನೊಂದು ಪುಟ್ಟ ಕಮಾನು. ಎರಡು ಮುಂಗಾಲು. ಬೆತ್ತ ಹೆಣೆದ ಆಸನದ ಉಂಗುರ. ಕಾಲುಗಳನ್ನು ಹಿಡಿದಿಡುವ ಕೆಳಗಿನ ಉಂಗುರ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. 1930ರ ಹೊತ್ತಿಗೆ ಸುಮಾರು 5 ಕೋಟಿ ಮಾರಾಟವಾಗಿದ್ದವು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. 1925ರಲ್ಲಿ ಲ ಕಾರ್ಬೂಸಿಯೆ ಪ್ಯಾರಿಸ್ಸಿನ ತನ್ನ ಪ್ರದರ್ಶನ ಮನೆಯಲ್ಲಿ ಥೋನೆಟ್ ಸಂಸ್ಥೆಯ ಕುರ್ಚಿಗಳನ್ನೇ ಇಟ್ಟ. ಹೊಸ ಕಾಲದ ವಾಸ್ತುಶಿಲ್ಪಿಗೆ ಅರವತ್ತಕ್ಕೂ ಹೆಚ್ಚು ವರ್ಷ ಹಳೆಯ ವಿದ್ಯೆ ಹಳತೆನಿಸಲಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಈ ಕುರ್ಚಿಗೆ ಪಳಗಿದ ಬಡಗಿ ಬೇಕಿರಲಿಲ್ಲ, ಅದರ ಅಗ್ಗದ ಗುಟ್ಟೇ ಅದು. ಕಾರ್ಖಾನೆಗಳು ನಗರ ಬಿಟ್ಟು ಕಾಡಿನ ಪಕ್ಕಕ್ಕೆ ಹೋದದ್ದು ಮರಕ್ಕಾಗಿ ಮಾತ್ರವಲ್ಲ, ಅಲ್ಲಿ ಸಿಗುವ ಕಡಿಮೆ ಕೂಲಿಗಾಗಿ ಕೂಡ. ಬಗ್ಗಿಸುವುದು ಗಂಡಸರ ಪಾಲಿಗೆ. ಉಜ್ಜುವುದು, ಬಣ್ಣ ಹಚ್ಚುವುದು, ಬೆತ್ತ ಹೆಣೆಯುವುದು ಬಹುಮಟ್ಟಿಗೆ ಹೆಂಗಸರ ಪಾಲಿಗೆ. ಒಬ್ಬೊಬ್ಬರಿಗೂ ಒಂದೇ ಕೆಲಸ, ದಿನವಿಡೀ ಅದೇ. ಇವತ್ತು ಕೈಕಸುಬಿನ ಹೆಸರಿನಲ್ಲಿ ಥೋನೆಟ್ಟನನ್ನು ಮೂಲಪುರುಷನೆಂದು ಕರೆಯುವವರು ಇದನ್ನು ಮರೆಯುತ್ತಾರೆ. ಅವನು ಉಳಿಸಿದ ವಸ್ತುಗಳ ಪಟ್ಟಿಯಲ್ಲಿ ಕುಶಲಕರ್ಮಿಯ ದಿನಗೂಲಿಯೂ ಇತ್ತು.

1869ರಲ್ಲಿ ಇಡೀ ಮರವನ್ನು ಬಗ್ಗಿಸುವ ಆ ಹಕ್ಕಿನ ಅವಧಿ ಮುಗಿದದ್ದೇ ತಡ, ಸ್ಪರ್ಧಿಗಳು ನುಗ್ಗಿದರು. ಅವರಲ್ಲಿ ಮುಂದಿದ್ದದ್ದು ಯಾಕೋಬ್ ಮತ್ತು ಯೋಸೆಫ್ ಕೋನ್ ಸಂಸ್ಥೆ. ಅದರ ಎರಡು ಕುರ್ಚಿಗಳನ್ನು ಹೋಲಿಸಿದರೆ ಈ ಲೇಖನದ ಅಳತೆಗೋಲಿನ ಉಪಯೋಗ ತಿಳಿಯುತ್ತದೆ. 1899ರಲ್ಲಿ ಆಡಾಲ್ಫ್ ಲೂಸ್ ವಿಯೆನ್ನಾದ ಕೆಫೆ ಮ್ಯೂಸಿಯಂಗೆ ರೂಪಿಸಿದ ಕುರ್ಚಿಯಲ್ಲಿ ಕೋಲಿನ ಅಡ್ಡಕೊಯ್ತ ದುಂಡಗಿಲ್ಲ, ಮೊಟ್ಟೆಯಾಕಾರದ್ದು. ಬಲ ಬೇಕಾದ ದಿಕ್ಕಿಗೆ ಅಗಲ, ಬೇಡದ ದಿಕ್ಕಿಗೆ ಕಿರಿದು. ಮರ ಇನ್ನಷ್ಟು ಉಳಿಯಿತು, ಕುರ್ಚಿ ಹಗುರಾಯಿತು. ಕೆಲವೇ ವರ್ಷಗಳ ನಂತರ ಯೋಸೆಫ್ ಹಾಫ್‌ಮನ್ ಅದೇ ಸಂಸ್ಥೆಗೆ ರೂಪಿಸಿದ ‘ಕೂರುವ ಯಂತ್ರ’ ಎಂಬ ಆರಾಮಕುರ್ಚಿ ಇತಿಹಾಸದ ಪುಸ್ತಕಗಳಲ್ಲಿ ಹೆಚ್ಚು ಜಾಗ ಪಡೆದಿದೆ. ಚೌಕ ತೂತುಗಳು, ಸಾಲು ಗುಂಡುಗಳು, ಎರಡೂ ಮಗ್ಗುಲಲ್ಲಿ ಬಾಗಿದ ಮರದ ದೊಡ್ಡ ಚೌಕಟ್ಟು. ಗುಂಡುಗಳಿಗೆ ಒರಗನ್ನು ತಡೆಯುವ ಕೆಲಸ ಉಂಟು, ನಿಜ. ಆದರೆ ಒಟ್ಟು ಕುರ್ಚಿ ತನ್ನ ಜಾಣ್ಮೆಯನ್ನು ತೋರಿಸಿಕೊಳ್ಳುವುದರಲ್ಲಿ ಮಗ್ನವಾಗಿದೆ. ನನ್ನ ಓಟು ಲೂಸ್‌ಗೆ.

ಸೀಳು ಮರ ಮತ್ತೆ ಗೌರವ ಪಡೆದದ್ದು ಫಿನ್‌ಲೆಂಡಿನಲ್ಲಿ. ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಮತ್ತು ಟುರ್ಕುವಿನ ಪೀಠೋಪಕರಣ ತಯಾರಕ ಒಟ್ಟೊ ಕೊರ್ಹೊನೆನ್ ಸೇರಿ ಬರ್ಚ್ ಮರದ ಮೇಲೆ ಪ್ರಯೋಗ ನಡೆಸಿದರು. ಕ್ಷಯರೋಗಿಗಳ ಪೈಮಿಯೊ ಆಸ್ಪತ್ರೆಗೆಂದು ಮಾಡಿದ ಕುರ್ಚಿ ಪ್ರಸಿದ್ಧ: ಅಂಟಿಸಿದ ಬರ್ಚ್ ಪದರಗಳ ಎರಡು ಮುಚ್ಚಿದ ಸುತ್ತುಗಳು, ನಡುವೆ ಪ್ಲೈವುಡ್ಡಿನ ಒಂದೇ ಹಾಳೆ. ಲೋಹದ ಕೊಳವೆಯ ಕುರ್ಚಿ ಮೈಗೆ ತಣ್ಣಗೆ ತಾಕುತ್ತದೆ ಎಂಬ ಆಲ್ಟೊನ ತಕರಾರಿಗೆ ಅದು ಉತ್ತರ.

ಆದರೆ ನನ್ನ ಎಣಿಕೆಯಲ್ಲಿ ಆಲ್ಟೊನ ದೊಡ್ಡ ಕೆಲಸ 1933ರ ಮೂರು ಕಾಲಿನ ಸ್ಟೂಲ್. ಅದರ ಕಾಲನ್ನು ಹತ್ತಿರದಿಂದ ನೋಡಿ. ಕೆಳಗಿನಿಂದ ಮುಕ್ಕಾಲುಪಾಲು ಅದು ಸೀಳದ ಇಡೀ ಬರ್ಚ್ ಕೋಲು. ಮೇಲ್ತುದಿಯಲ್ಲಿ ಮಾತ್ರ ಎಳೆಯ ಉದ್ದಕ್ಕೆ ಗರಗಸದ ಸೀಳುಗಳು. ಪ್ರತಿ ಸೀಳಿನಲ್ಲೂ ಅಂಟು ಸವರಿದ ತೆಳು ಪದರ. ಆ ತುದಿಯನ್ನು ಬಗ್ಗಿಸಿದಾಗ ಪದರಗಳು ಒಂದರ ಮೇಲೊಂದು ಜಾರಿ, ಕಾಲು ಲಂಬಕೋನಕ್ಕೆ ಮಡಿಯುತ್ತದೆ. ಮಡಿದ ಭಾಗವನ್ನು ಆಸನದ ಅಡಿಗೆ ನೇರವಾಗಿ ಸ್ಕ್ರೂ ಹಾಕಿದರೆ ಆಯಿತು. ಆಸನದ ಕೆಳಗೆ ಚೌಕಟ್ಟು ಬೇಡ, ತೂತು ಕೊರೆದು ಕಾಲು ಕೂರಿಸುವ ಕೆಲಸ ಬೇಡ. ಸ್ಟೂಲಿನ ಮೇಲೆ ಸ್ಟೂಲ್ ಪೇರಿಸಲೂ ಬರುತ್ತದೆ. ಸೀಳುವುದು ಬೇಕಾದಲ್ಲಿ ಮಾತ್ರ, ಬಾಗುವುದು ಬೇಕಾದಷ್ಟು ಮಾತ್ರ. ಸೀಳು ಮರ ಮತ್ತು ಇಡೀ ಮರ, ಎರಡೂ ದಾರಿಗಳ ಹದವಾದ ಕೂಡಿಕೆ ಇದು. 1935ರಲ್ಲಿ ಆರಂಭವಾದ ಆರ್ಟೆಕ್ ಸಂಸ್ಥೆ ಇಂದಿಗೂ ಈ ಸ್ಟೂಲನ್ನು ಮಾರುತ್ತಿದೆ.

ಉಳಿತಾಯದ ಹಟವೂ ಅತಿಯಾಗಬಹುದು. ಲಂಡನ್ನಿನ ಜೆರಾಲ್ಡ್ ಸಮರ್ಸ್ 1930ರ ದಶಕದಲ್ಲಿ ಒಂದೇ ಪ್ಲೈವುಡ್ ಹಾಳೆಗೆ ಸೀಳು ಹಾಕಿ, ಭಾಗಗಳನ್ನು ಮೇಲಕ್ಕೂ ಕೆಳಕ್ಕೂ ಬಗ್ಗಿಸಿ ಪೂರ್ತಿ ಆರಾಮಕುರ್ಚಿ ಮಾಡಿದ. ಸ್ಕ್ರೂ ಇಲ್ಲ, ಸಂದಿಲ್ಲ. ಬೆರಗಾಗಿಸುವ ವಸ್ತು. ಆದರೆ ಒಂದು ಕೈ ಮುರಿದರೆ ಇಡೀ ಕುರ್ಚಿ ಹೋಯಿತು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಇನ್ನೊಂದು ಮಿತಿಯನ್ನು ಮುಟ್ಟಿದರು. ಮರದ ಹಾಳೆ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ. ಎರಡು ದಿಕ್ಕಿಗೆ ಬಟ್ಟಲಿನಂತೆ ಬಾಗಿಸಹೋದರೆ ಬಿರಿಯುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಅವರು ಮಾಡಿಕೊಟ್ಟ, ಮುರಿದ ಕಾಲಿಗೆ ಕಟ್ಟುವ ಪ್ಲೈವುಡ್ ಪಟ್ಟಿಯಲ್ಲಿ ಬಿರುಕು ತಪ್ಪಿಸಲು ಮೊದಲೇ ಸೀಳು ಬಿಟ್ಟಿದ್ದರು. ಯುದ್ಧದ ನಂತರದ ಪ್ಲೈವುಡ್ ಕುರ್ಚಿಯಲ್ಲಿ ಒಂದೇ ಚಿಪ್ಪಿನ ಆಸೆ ಬಿಟ್ಟು, ಆಸನ ಬೇರೆ, ಒರಗು ಬೇರೆ ಮಾಡಿದರು. ಮರ ಒಲ್ಲೆ ಎಂದದ್ದನ್ನು ಕೇಳಿಸಿಕೊಂಡ ಈ ಸೋಲು ಸಮರ್ಸ್‌ನ ಗೆಲುವಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಇನ್ನು ನಮ್ಮ ಕಾಲದವರು. ಐರ್ಲೆಂಡಿನ ಜೋಸೆಫ್ ವಾಲ್ಶ್ ಆ್ಯಶ್ ಮರವನ್ನು ತೆಳು ಪದರಗಳಾಗಿ ಸೀಳಿ, ಗಾಳಿಯಲ್ಲಿ ತೇಲುವಂತೆ ತಿರುಚಿ ಮತ್ತೆ ಅಂಟಿಸುತ್ತಾರೆ. ಅಮೆರಿಕದ ಮಥಾಯಸ್ ಪ್ಲೀಸ್ನಿಗ್ ದೋಣಿ ಕಟ್ಟುವವರ ಕ್ರಮದಲ್ಲಿ ಓಕ್ ಪಟ್ಟಿಗಳನ್ನು ಹಬೆಯಲ್ಲಿ ಬಗ್ಗಿಸಿ ಬೆಂಚುಗಳನ್ನು ಹೆಣೆಯುತ್ತಾರೆ. ಇಂಗ್ಲೆಂಡಿನ ಟಾಮ್ ರ‍್ಯಾಫೀಲ್ಡ್ ಹೆಸರು ಮಾಡಿದ್ದು ಹಬೆಯಲ್ಲಿ ಬಗ್ಗಿಸಿದ ಪಟ್ಟಿಗಳ ದೀಪಗಳಿಂದ. ಕೈಚಳಕದಲ್ಲಿ ಇವರು ಹಿಂದಿನ ಯಾರಿಗೂ ಕಡಿಮೆಯಿಲ್ಲ. ಕಾರ್ಖಾನೆಯ ಅಚ್ಚಿನಿಂದ ಬಾಗನ್ನು ಬಿಡಿಸಿ ಅದನ್ನು ಮತ್ತೆ ಒಬ್ಬ ಮನುಷ್ಯನ ಕೈಗೆ ಕೊಟ್ಟದ್ದು ಅವರ ಸಾಧನೆ. ಥೋನೆಟ್ ಕಿತ್ತುಕೊಂಡ ಗೌರವವನ್ನು ಬಡಗಿಗೆ ಅವರು ವಾಪಸು ತಂದಿದ್ದಾರೆ.

ಆದರೂ ಅಳತೆಗೋಲನ್ನು ಇಲ್ಲಿ ಬಚ್ಚಿಡಲಾಗದು. ವಾಲ್ಶ್ ಅವರ ಮೇಜಿನ ಕಾಲು ಮೇಜಿನ ಭಾರ ಹೊತ್ತ ಮೇಲೂ ಸುರುಳಿ ಸುತ್ತುತ್ತಾ ಹೋಗುತ್ತದೆ. ಆ ಹೆಚ್ಚಿನ ಸುತ್ತು ಯಾವ ಸಂದನ್ನೂ ತಪ್ಪಿಸಿಲ್ಲ, ಮರವನ್ನೂ ಉಳಿಸಿಲ್ಲ. ಶಿಲ್ಪವೆಂದು ನೋಡಿದರೆ ಅದಕ್ಕೆ ಬೇರೆ ಮಾನದಂಡ ಉಂಟು, ಅಲ್ಲಿ ಅದು ಗೆಲ್ಲಬಹುದು. ಪೀಠೋಪಕರಣವೆಂದು ನೋಡಿದರೆ ಅದು ಸಂಗ್ರಹಕಾರರ ಸ್ವತ್ತು, ಕೂರುವವರದಲ್ಲ. ಪ್ಲೀಸ್ನಿಗ್ ಅವರ ಬೆಂಚು ಇದಕ್ಕಿಂತ ಗಟ್ಟಿ ನೆಲದ ಮೇಲಿದೆ: ಅಲ್ಲಿ ಪ್ರತಿ ಪಟ್ಟಿಯೂ ಪಕ್ಕದ ಪಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ, ದೋಣಿಯ ಪಕ್ಕೆಗಳ ಶಿಸ್ತು ಅದರಲ್ಲಿದೆ.

ಕೊನೆಯದಾಗಿ ದುರಸ್ತಿಯ ಮಾತು. ವಿಮರ್ಶಕರು ಇದನ್ನು ಎತ್ತುವುದೇ ಅಪರೂಪ. ಅಂಟಿಸಿದ ಪದರ ಬಿಟ್ಟುಕೊಂಡರೆ ಮನೆಯಲ್ಲಿ ಕೂತು ಸರಿಮಾಡುವುದು ಕಷ್ಟ. ಇಡೀ ಮರವನ್ನು ಬಗ್ಗಿಸಿ ಸ್ಕ್ರೂ ಹಾಕಿದ ಕುರ್ಚಿಯಲ್ಲಿ ಸಡಿಲವಾದುದನ್ನು ಬಿಗಿಯಬಹುದು, ಮುರಿದ ಕಾಲಿಗೆ ಬೇರೆ ಕಾಲು ಕೂರಿಸಬಹುದು, ಹರಿದ ಬೆತ್ತವನ್ನು ಮತ್ತೆ ಹೆಣೆಸಬಹುದು. ಮುಂಬೈನ ಹಳೆಯ ಇರಾನಿ ಕೆಫೆಗಳಿಗೆ ಯೂರೋಪಿನಿಂದ ಬಂದ ಬಾಗುಮರದ ಕುರ್ಚಿಗಳು ಸಮುದ್ರದ ತೇವದಲ್ಲೂ ತಲೆಮಾರುಗಟ್ಟಲೆ ಗಿರಾಕಿಗಳನ್ನು ಹೊತ್ತಿರುವುದು ಸುಮ್ಮನೆ ಅಲ್ಲ. ತುಂಡುಗಳಾಗಿ ಬಂದದ್ದು ತುಂಡುತುಂಡಾಗಿಯೇ ದುರಸ್ತಿಯೂ ಆಗುತ್ತದೆ.

ಹಾಗಾಗಿ ನನ್ನ ತೀರ್ಪು ಹಳಬರ ಪರ. ಆಲ್ಟೊನ ಸ್ಟೂಲ್ ಈ ಪರಂಪರೆಯ ಅತ್ಯಂತ ಜಾಣ ವಸ್ತು, 14ನೇ ನಂಬರಿನ ಕುರ್ಚಿ ಅತ್ಯಂತ ಪ್ರಾಮಾಣಿಕ ವಸ್ತು. ಎರಡನೆಯದನ್ನು ಜರ್ಮನಿಯ ಫ್ರಾಂಕೆನ್‌ಬರ್ಗ್‌ನಲ್ಲಿ ಥೋನೆಟ್ ಹೆಸರಿನ ಸಂಸ್ಥೆ 214 ಎಂಬ ಹೊಸ ನಂಬರಿನಲ್ಲಿ ಮಾಡುತ್ತಿದೆ. ಚೆಕ್ ಗಣರಾಜ್ಯದ ಬಿಸ್ತ್ರಿಸೆಯಲ್ಲಿ, 1861ರಲ್ಲಿ ಥೋನೆಟ್ ಕಟ್ಟಿದ ಕಾರ್ಖಾನೆಯಲ್ಲೇ, ಟಾನ್ ಸಂಸ್ಥೆ ಹಳೆಯ ನಂಬರಿನಲ್ಲಿ ಮಾಡುತ್ತಿದೆ. ಎರಡೂ ಕಡೆ ಬೀಚ್ ಕೋಲು ಹಬೆಯಲ್ಲೇ ಬೇಯುತ್ತದೆ.