ಒಂದೂವರೆ ಡಿಗ್ರಿಗೂ ಕಡಿಮೆ

ಹಳೇ ಲೇತ್ ಕೊಳ್ಳುವವರು ಬೆಡ್ ಸವೆದಿದೆಯೇ ನೋಡುತ್ತಾರೆ, ಚಕ್ಕಿನ ದವಡೆ ಅಲ್ಲಾಡಿಸುತ್ತಾರೆ, ಮೋಟಾರಿನ ಸದ್ದು ಕೇಳುತ್ತಾರೆ. ಮಷೀನ್ ನಿಲ್ಲಿಸಿ ಟೈಲ್‌ಸ್ಟಾಕ್‌ನ ಟೇಪರ್ ತೂತಿಗೆ ಬೆಳಕು ಬಿಟ್ಟು ನೋಡುವವರು ಕಡಿಮೆ. ನಾನು ಮೊದಲು ನೋಡುವುದು ಅದನ್ನೇ. ಅಲ್ಲಿ ಸುತ್ತಲೂ ಗೀರು ಎದ್ದಿದ್ದರೆ ಹಿಂದಿನ ಯಜಮಾನ ಯಂತ್ರವನ್ನು ಹೇಗೆ ನಡೆಸಿಕೊಂಡ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ.

ನಮ್ಮ ಕೋಲಾರ ಸೀಮೆಯಲ್ಲಿ ಲೇತ್ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಕೆ.ಜಿ.ಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದರ ವರ್ಕ್‌ಶಾಪ್‌ಗಳಲ್ಲೋ, 1964ರಲ್ಲಿ ಹುಟ್ಟಿದ ಬೆಮಲ್ ಕಾರ್ಖಾನೆಯಲ್ಲೋ ಪಳಗಿದ ಟರ್ನರ್, ಫಿಟ್ಟರ್‌ಗಳ ಕಸುಬು ಮಾತ್ರ ಮುಚ್ಚಲಿಲ್ಲ. ಮುಳಬಾಗಿಲಿನ ಹೆದ್ದಾರಿ ಬದಿಯಲ್ಲಿ ಲಾರಿ ಕೆಲಸಕ್ಕೆ, ಶ್ರೀನಿವಾಸಪುರದಲ್ಲಿ ಟ್ರಾಕ್ಟರ್, ಬೋರ್‌ವೆಲ್ ಪಂಪಿನ ಕೆಲಸಕ್ಕೆ ಲೇತ್ ಬೇಕೇ ಬೇಕು. ಮನೆಯ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಳ್ಳುವ ಆಸೆ ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ನಾನು ಮೊದಲು ನೋಡುವ ಆ ತೂತಿನದು 1860ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಹುಟ್ಟುಹಾಕಿದ ಮೋರ್ಸ್ ಟೇಪರ್, ಚುಟುಕಾಗಿ ಎಂಟಿ. ಅದರ ಮೂರನೇ ನಂಬರಿನ, ಅಂದರೆ ಎಂಟಿ-3ರ ಇಳಿಜಾರು ಮಧ್ಯರೇಖೆಯಿಂದ ಒಂದು ಡಿಗ್ರಿ ಇಪ್ಪತ್ತಾರು ಮಿನಿಟು. ಕೋನ ಇಷ್ಟು ಸಣ್ಣದಾದ್ದರಿಂದಲೇ ಒಳಗೆ ಒತ್ತಿದ ಟೂಲ್ ಘರ್ಷಣೆಯಿಂದ ಕಚ್ಚಿಕೊಳ್ಳುತ್ತದೆ. ಹಿಂದಿನ ಚಪ್ಪಟೆ ಬಾಲ ಡ್ರಿಲ್ಲನ್ನು ತಿರುಗಿಸುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ತಪ್ಪು. ತಿರುಗಿಸುವುದು ಟೇಪರಿನ ಹಿಡಿತ; ಡ್ರಿಫ್ಟ್ ಎಂಬ ಬೆಣೆ ಹೊಡೆದು ಬಿಡಿಸಲು ಆ ಬಾಲ. ಹಿಡಿತ ಸಡಿಲವಾದರೆ ಡ್ರಿಲ್ ಒಳಗೇ ಸುತ್ತಿ ತೂತನ್ನು ಗೀರಿ ಹಾಕುತ್ತದೆ.

ಹೊಸದಾಗಿ ಟೇಪರ್ ತೂತು ಕೊರೆಯುವಾಗ ಕಾಂಪೌಂಡ್ ಸ್ಲೈಡಿನ ಡಿಗ್ರಿ ಗುರುತನ್ನು ನಂಬಬೇಡಿ. ಅದರ ಒಂದು ಗೆರೆಯ ದಪ್ಪದಲ್ಲೇ ಕೆಲಸ ಕೆಟ್ಟುಹೋಗುತ್ತದೆ. ಎರಡೂ ತುದಿಗೆ ಸೆಂಟರ್ ತೂತು ಇರುವ ಒಳ್ಳೆಯ ಎಂಟಿ-3 ಆರ್ಬರನ್ನು ಲೇತ್ ಸೆಂಟರ್‌ಗಳ ನಡುವೆ ಕೂರಿಸಿ, ದಪ್ಪ ತುದಿ ಟೈಲ್‌ಸ್ಟಾಕ್ ಕಡೆಗಿರಲಿ. ಟೂಲ್ ಪೋಸ್ಟಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಸರಿಯಾಗಿ ಸೆಂಟರ್ ಎತ್ತರಕ್ಕೆ ತಾಗಿಸಿ, ಕಾಂಪೌಂಡ್ ಹಿಡಿ ತಿರುಗಿಸುತ್ತಾ ಹೋಗಿ. ಆರ್ಬರಿನ ಉದ್ದಕ್ಕೂ ಮುಳ್ಳು ಅಲ್ಲಾಡದಿದ್ದರೆ ಕೋನ ಸಿಕ್ಕಿತು. ಬೋರಿಂಗ್ ಟೂಲಿನ ಮೊನೆಯೂ ಸೆಂಟರ್ ಎತ್ತರದಲ್ಲೇ ಇರಬೇಕು. ಮೇಲೆ ಕೆಳಗೆ ಆದರೆ ಗೋಡೆ ನೇರವಾಗುವ ಬದಲು ಬಾಗುತ್ತದೆ, ಆಮೇಲೆ ಎಷ್ಟು ರೀಮ್ ಮಾಡಿದರೂ ಪರೀಕ್ಷೆಗೆ ಹಚ್ಚುವ ನೀಲಿ ಬಣ್ಣ ಸರಿಯಾಗಿ ಹತ್ತುವುದಿಲ್ಲ.

ಕೊನೆಯ ಕಾಲು ಮಿಲಿಮೀಟರ್ ರೀಮರಿಗೆ ಬಿಡಿ. ಕೈಯಲ್ಲೇ ತಿರುಗಿಸಿ, ಎಣ್ಣೆ ಧಾರಾಳವಾಗಿರಲಿ, ಹಿಂದಕ್ಕೆ ಮಾತ್ರ ಎಂದೂ ತಿರುಗಿಸಬೇಡಿ. ವ್ಯಾಸದಲ್ಲಿ 0.05 ಮಿ.ಮೀ. ಹೋದರೆ ಆರ್ಬರ್ ಒಂದು ಮಿ.ಮೀ. ಒಳಕ್ಕೆ ಇಳಿಯುತ್ತದೆ, ಈ ಲೆಕ್ಕ ನೆನಪಿದ್ದರೆ ಒಳ ಅಳತೆಗೆ ಬೇರೆ ಉಪಕರಣವೇ ಬೇಡ. ಆರ್ಬರಿನ ಮೇಲೆ ಉದ್ದಕ್ಕೆ ಮೂರು ನೀಲಿ ಗೆರೆ ತೆಳುವಾಗಿ ಎಳೆದು, ಒಳಗಿಟ್ಟು ಕೊಂಚ ಹೊರಳಿಸಿ ತೆಗೆಯಿರಿ. ಗೆರೆ ಉದ್ದಕ್ಕೂ ಹರಡಿದ್ದರೆ ಕೆಲಸ ಗೆದ್ದಿತು. ದಪ್ಪ ತುದಿಯಲ್ಲಷ್ಟೇ ಅಳಿಸಿದ್ದರೆ ಕೋನ ಇನ್ನೂ ಸಾಲದು.

ಇಷ್ಟೆಲ್ಲ ಮಾಡಿದವರೂ ಸೋಲುವುದು ಕ್ಲೀನ್ ಮಾಡುವುದರಲ್ಲಿ. ಮೇಲಿನ ಲೆಕ್ಕವನ್ನೇ ತಿರುವಿ ನೋಡಿ: ತೂತಿನ ಗೋಡೆಗೆ ಸುತ್ತಲೂ 0.02 ಮಿ.ಮೀ. ಜಿಡ್ಡು ಕಟ್ಟಿದ್ದರೆ ಟೂಲ್ 0.8 ಮಿ.ಮೀ. ಹೊರಗೇ ನಿಂತುಬಿಡುತ್ತದೆ. ಮಾಲೂರಿನ ಇಟ್ಟಿಗೆ, ಹೆಂಚಿನ ಧೂಳು, ಕಲ್ಲು ಕ್ವಾರಿಗಳ ಪುಡಿ ಗಾಳಿಯಲ್ಲಿರುವ ನಮ್ಮಲ್ಲಿ ಎಣ್ಣೆ ಪಸೆಯ ಮೇಲೆ ಅದು ಕೂತು ಉಜ್ಜುವ ಮಸಾಲೆಯಾಗುತ್ತದೆ. ನಯವಾದ ಮರದ ಕೋಲಿಗೆ ಹಳೇ ಹತ್ತಿ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಮಷೀನ್ ಪೂರ್ತಿ ನಿಂತಿರಬೇಕು. ತಿರುಗುವ ಸ್ಪಿಂಡಲ್ಲಿಗೆ ಬಟ್ಟೆ ತೂರಿಸುವುದು ಬೆರಳನ್ನೇ ಪಣಕ್ಕಿಟ್ಟಂತೆ. ಎಮರಿ ಕಾಗದ ಸುತ್ತಿ ತಿಕ್ಕುವ ಅಭ್ಯಾಸ ಇನ್ನೂ ಕೆಟ್ಟದ್ದು, ಬಾಯಿ ಅಗಲವಾಗಿ ಹಿಡಿತವೇ ಹೋಗುತ್ತದೆ.

ಗೀರಿನ ಅಂಚು ಎದ್ದಿದ್ದರೆ ಫಿನಿಷಿಂಗ್ ರೀಮರನ್ನು ಒತ್ತದೆ, ಕೈಯಲ್ಲಿ ಒಂದೆರಡು ಸುತ್ತು ಹಾಕಿ. ಎದ್ದ ಭಾಗವಷ್ಟೇ ಹೋಗಲಿ. ತಗ್ಗು ಉಳಿದರೆ ಚಿಂತೆಯಿಲ್ಲ, ಹಿಡಿತಕ್ಕೆ ಉಳಿದ ಗೋಡೆ ಸಾಕು. ಮನೆಯ ಶೆಡ್ಡಿಗೆ ಎಂಟಿ-2, ಎಂಟಿ-3 ಎರಡು ರೀಮರ್ ಇದ್ದರೆ ಹೆಚ್ಚು ಕಡಿಮೆ ಎಲ್ಲ ಕೆಲಸವೂ ಆಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯದನ್ನು ಕೊಳ್ಳುವುದಾದರೆ ಹಲ್ಲಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಬಿಳಿ ಗೆರೆ ಮಿಂಚಿದರೆ ಅದು ಮೊಂಡಾಗಿದೆ, ಅಂಗಡಿಯವನಿಗೆ ವಾಪಸು ಕೊಡಿ.