ಸಮ್ ಕಾಯುವ ಕಿವಿ

ನಲವತ್ತು ದಾಟಿದ ಮೇಲೆ ಹಿಂದುಸ್ತಾನಿ ಖಯಾಲ್ ಗಾಯನಕ್ಕೆ ಕಿವಿಗೊಟ್ಟವನು ನಾನು. ಅಲ್ಲಿಗೆ ಕರೆತಂದದ್ದು ವಚನ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದೆ. ಆದರೆ ಅದೇ ಕಂಠದಲ್ಲಿ ಬಸಂತಿ ಕೇದಾರ ರಾಗ ಕೇಳಿದಾಗ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ವಚನದಲ್ಲಿ ಮಾತಿನ ಬೆನ್ನುಹತ್ತಿದರೆ ಸಾಕಿತ್ತು. ಇಲ್ಲಿರುವುದು ಬಂದಿಶಿನ, ಅಂದರೆ ಹಾಡುವ ಪುಟ್ಟ ರಚನೆಯ, ನಾಲ್ಕಾರು ಶಬ್ದ, ಅವೂ ತಾನುಗಳಲ್ಲಿ ಕರಗಿಹೋಗುತ್ತವೆ.

ಬೆಳೆದ ಮೇಲೆ ಸಂಗೀತಕ್ಕೆ ಬರುವವರು ಮೊದಲು ಕೇಳುವುದು ‘ಇದು ಯಾವ ರಾಗ?’ ಎಂದು. ನಾನೂ ಕೇಳಿದೆ. ಯಾವ ಚಿತ್ರಗೀತೆ ಯಾವ ರಾಗದ್ದೆಂದು ಪಟ್ಟಿ ಮಾಡಿಕೊಂಡೆ, ರಸಗ್ರಹಣ ಶಿಬಿರವೊಂದಕ್ಕೂ ಹೋದೆ. ಅಲ್ಲಿ ಒಂದೊಂದು ರಾಗವನ್ನೂ ಎರಡು ನಿಮಿಷ ಕೇಳಿಸಿ ಹೆಸರು ಹೇಳಿಸುತ್ತಿದ್ದರು. ಅದರಿಂದ ಅಂಜಿಕೆ ಹೋಗುತ್ತದೆ, ನಿಜ. ಆದರೆ ಹೆಸರು ಹೊಳೆದ ಕ್ಷಣವೇ ಕಿವಿ ಕೆಲಸ ನಿಲ್ಲಿಸುತ್ತದೆ. ಗಾಯಕ ಮುಂದೇನು ಮಾಡುತ್ತಾನೆಂಬ ಕುತೂಹಲ ಅಲ್ಲಿಗೇ ತೀರುತ್ತದೆ. ಎರಡು ನಿಮಿಷದಲ್ಲಿ ರಾಗದ ಗುರುತು ಸಿಕ್ಕೀತು, ಗಾಯನ ಸಿಗದು.

ಮನಸೂರರ ಹಾಡಿಕೆಯಂತೂ ಈ ಅಭ್ಯಾಸಕ್ಕೆ ಬಗ್ಗುವುದೇ ಇಲ್ಲ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಅವರಿಗೆ ನೀಲಕಂಠಬುವಾ ಮಿರಜಕರರಿಂದ ಗ್ವಾಲಿಯರ್ ತಾಲೀಮು ಸಿಕ್ಕಿತ್ತು. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಜೈಪುರ-ಅತ್ರೌಲಿ ಘರಾಣೆಯ, ಎರಡು ರಾಗ ಬೆಸೆದ ಜೋಡುರಾಗಗಳು ಬಂದವು. ಬಸಂತಿ ಕೇದಾರದಲ್ಲಿ ಕೇದಾರದ ಶುದ್ಧ ಮಧ್ಯಮ ಕಂಡಿತು ಎನ್ನುವಷ್ಟರಲ್ಲಿ ಬಸಂತದ ಕೋಮಲ ಸ್ವರಗಳು ಅದನ್ನು ಒಳಗೆಳೆದುಕೊಳ್ಳುತ್ತವೆ. ಹೊಲಿಗೆ ಕಾಣಿಸದು. ನಟಬಿಹಾಗದಲ್ಲೂ ಹಾಗೆಯೇ.

ಹಾಗಾದರೆ ಹೊಸ ಕಿವಿಗೆ ಆಸರೆ ಯಾವುದು? ತಬಲಾ. ಜೈಪುರ-ಅತ್ರೌಲಿ ಘರಾಣೆಯವರು ತಾಳದ ಹೊರಗೆ ಬಹಳ ಹೊತ್ತು ಆಲಾಪಿಸುವುದಿಲ್ಲ; ಬೇಗನೆ ಬಂದಿಶಿಗೆ ಇಳಿಯುತ್ತಾರೆ. ತೀನತಾಲದ 16 ಮಾತ್ರೆಗಳಲ್ಲಿ ಎಡಗೈ ಡಗ್ಗಾದ ಗುಂಗು ನಡುವೆ ಮಾಯವಾಗಿ ಮತ್ತೆ ಮರಳುವಾಗ ಸಮ್, ಅಂದರೆ ಆವರ್ತದ ಮೊದಲ ಮಾತ್ರೆ, ಹತ್ತಿರವಾಯಿತೆಂದು ತಿಳಿಯುತ್ತದೆ. ಮನಸೂರರು ಉಸಿರು ಬಿಡದೆ ಮಾತಿಗೆ ಮಾತು ಪೋಣಿಸಿದಂತೆ ಸ್ವರ ಪೋಣಿಸುತ್ತ, ಇನ್ನು ಸಮ್ ತಪ್ಪಿತು ಎನ್ನುವಾಗ ಬಂದಿಶಿನ ಮೊದಲ ತುಣುಕಾದ ಮುಖಡಾ ಎತ್ತಿ ಸರಿಯಾಗಿ ಅಲ್ಲಿಗೇ ಬಂದಿಳಿಯುತ್ತಾರೆ. ಮೈ ಜುಮ್ಮೆನ್ನುತ್ತದೆ. ಆ ಕಾಯುವಿಕೆ ಕಲಿಯಲು ಶಾಸ್ತ್ರಜ್ಞಾನ ಬೇಡ, ಅರ್ಧ ಗಂಟೆ ಕೂರುವ ತಾಳ್ಮೆ ಬೇಕು.

ಕೊರತೆಯೇ ಇಲ್ಲವೆಂದಲ್ಲ. ಭೀಮಸೇನ ಜೋಶಿಯವರು ಒಂದೊಂದೇ ಸ್ವರದ ಮೇಲೆ ನಿಂತು ಕಟ್ಟುವ ವಿಲಂಬಿತದಲ್ಲಿ ಹೊಸಬನಿಗೆ ನೆಲೆಯೂರಲು ಜಾಗವಿದೆ. ಮನಸೂರರಲ್ಲಿ ಅಂಥ ಬಿಡುವು ಕಡಿಮೆ. ಅವರ ಕಂಠದಲ್ಲಿ ಮೃದುತ್ವ ಹುಡುಕುವವರಿಗೂ ನಿರಾಸೆಯಾದೀತು. ನನಗೆ ಮಾತ್ರ ಆ ಬಿಡುವಿಲ್ಲದ ನಡಿಗೆಯೇ ಹೆಚ್ಚು. ಅವರು ತಮ್ಮ ಆತ್ಮಕಥೆಗೆ ‘ನನ್ನ ರಸಯಾತ್ರೆ’ ಎಂದು ಹೆಸರಿಟ್ಟದ್ದು ಎಷ್ಟು ಸರಿ! ಅವರ ಗಾಯನ ನಿಂತ ನೀರಲ್ಲ.

ಬಸಂತ್ ಎಲ್ಲಿ ಮುಗಿದು ಕೇದಾರ ಎಲ್ಲಿ ಶುರುವಾಗುತ್ತದೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಲು ಎಷ್ಟೋ ಸಂಜೆ ಪ್ರಯತ್ನಿಸಿದ್ದೆ. ಒಂದು ರಾತ್ರಿ ಪೆನ್ನು ಪಕ್ಕಕ್ಕಿಟ್ಟು ತೊಡೆಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸತೊಡಗಿದೆ. ಮೂರನೆಯ ಆವರ್ತದ ಹೊತ್ತಿಗೆ ಎಣಿಕೆ ಬಿಟ್ಟುಹೋಗಿತ್ತು. ಆದರೂ ಸಮ್ ಬಂದಾಗ ತಲೆ ತಾನಾಗಿ ತೂಗಿತು.